ಪುಟದಲ್ಲಿ ಸರಿಯಾದ ಕನ್ನಡ, ಪರಿವಿಡಿಯಲ್ಲಿ ಮಾತ್ರ ಕಲಸುಮೇಲೋಗರ (ಲಿಬ್ರೆಆಫೀಸ್ ರೈಟರ್)

ಹೊಸ_ಸಂಶೋಧಕ:
ಪಿಎಚ್.ಡಿ ಪ್ರಬಂಧದ ಆರೂ ಅಧ್ಯಾಯಗಳನ್ನು ಒಂದೇ ಫೈಲಿಗೆ ತಂದಿದ್ದೇನೆ. ಪರಿವಿಡಿ ಹಾಕಿದರೆ 2 ಮತ್ತು 4ನೇ ಅಧ್ಯಾಯದ ಶೀರ್ಷಿಕೆಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಬರುತ್ತಿವೆ. ಅದೇ ಶೀರ್ಷಿಕೆ ಪುಟದಲ್ಲಿ ಅಚ್ಚುಕಟ್ಟಾಗಿದೆ! ಇನ್ನೊಂದು, ಹೆಡಿಂಗ್ 1 ಸ್ಟೈಲಿನಲ್ಲಿ ಗಾತ್ರ 20 ಕೊಟ್ಟರೂ ಕನ್ನಡ ಅಲುಗುವುದಿಲ್ಲ, ಜೊತೆಗಿರುವ ಇಂಗ್ಲಿಷ್ ಪದ ಮಾತ್ರ ದೊಡ್ಡದಾಗುತ್ತದೆ. ಪ್ರತಿ ಅಧ್ಯಾಯವನ್ನೂ ಬೇರೆ ಫೈಲ್ ಮಾಡಿ ಮಾಸ್ಟರ್ ಡಾಕ್ಯುಮೆಂಟಿಗೆ ಜೋಡಿಸಿದರೆ ಸರಿಹೋಗುತ್ತದೆಯೇ?

ಅಕ್ಷರಪ್ರೇಮಿ:
ಮಾಸ್ಟರ್ ಡಾಕ್ಯುಮೆಂಟ್ ಈಗ ಬೇಡ, ಇದ್ದ ತಲೆನೋವಿಗೆ ಇನ್ನೊಂದು ಸೇರುತ್ತದೆ. ಆ ಎರಡು ಅಧ್ಯಾಯ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾದವು ಅಲ್ಲವೇ? ಶೀರ್ಷಿಕೆಯನ್ನು ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ.

ಹೊಸ_ಸಂಶೋಧಕ:
ಹೌದು ಸರ್, ಡಿಟಿಪಿಯವರು ಟೈಪ್ ಮಾಡಿಕೊಟ್ಟಿದ್ದು. ನೋಟ್‌ಪ್ಯಾಡಿನಲ್ಲೂ ಅದೇ ಅವತಾರ.

ಅಕ್ಷರಪ್ರೇಮಿ:
ಹಾಗಾದರೆ ಅದು ಹಳೆಯ ಆಸ್ಕಿ ಪಠ್ಯ. ಒಳಗಿರುವುದು ರೋಮನ್ ಸಂಕೇತಗಳೇ, ಅವಕ್ಕೆ ಕನ್ನಡದ ರೂಪ ಕೊಡುತ್ತಿರುವುದು ಫಾಂಟ್. ಪರಿವಿಡಿಗೆ ತನ್ನದೇ ಸ್ಟೈಲ್, ತನ್ನದೇ ಫಾಂಟ್ ಇರುವುದರಿಂದ ಅಲ್ಲಿ ಬಣ್ಣ ಬಯಲು. ಇಡೀ ಅಧ್ಯಾಯವನ್ನು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆಗೆ, ಬದಲಾಯಿಸಲೇಬೇಕು. ಪರಿವಿಡಿಗೆ ನುಡಿ ಫಾಂಟ್ ಹಾಕಿ ಸದ್ಯಕ್ಕೆ ಮುಚ್ಚಿಡಬಹುದು, ಆದರೆ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಆ ಅಧ್ಯಾಯಗಳ ಒಂದು ಪದವೂ ಸಿಗುವುದಿಲ್ಲ.

ಪರಿವರ್ತಕಕ್ಕೆ ಹಾಕುವ ಮುಂಚೆ ಮೂಲದ ಪ್ರತಿ ಇಟ್ಟುಕೊಳ್ಳಿ. ಕಾಪಿ-ಪೇಸ್ಟ್ ಮಾಡುವ ಪರಿವರ್ತಕವಾದರೆ ಅಡಿಟಿಪ್ಪಣಿ, ದಪ್ಪಕ್ಷರ ಎಲ್ಲ ಉದುರಿಹೋಗುತ್ತವೆ. ಅಡಿಟಿಪ್ಪಣಿ ಇರುವ ಪ್ಯಾರಾದಲ್ಲಿ ಗುರುತಿನ ಹಿಂದಿನ ಭಾಗ, ಮುಂದಿನ ಭಾಗ ಬೇರೆಬೇರೆ ಬದಲಾಯಿಸಿ. ಬೇಸರದ ಕೆಲಸ, ಅಡ್ಡದಾರಿ ಇಲ್ಲ. ನಡುವೆ ಬರುವ ಇಂಗ್ಲಿಷ್ ಹೆಸರುಗಳೂ ಕನ್ನಡವಾಗಿ ಕೆಡುತ್ತವೆ, ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಿ.

ಗಾತ್ರದ ವಿಷಯ ಸುಲಭ. ರೈಟರ್ ಕನ್ನಡವನ್ನು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಗುಂಪಿನಲ್ಲಿ, ಇಂಗ್ಲಿಷನ್ನು ವೆಸ್ಟರ್ನ್ ಗುಂಪಿನಲ್ಲಿ ಇಡುತ್ತದೆ. ಎಫ್11 ಒತ್ತಿ, ಹೆಡಿಂಗ್ 1 ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಸ್ಟೈಲ್ ತೆರೆಯಿರಿ. ಫಾಂಟ್ ಟ್ಯಾಬಿನಲ್ಲಿ ವೆಸ್ಟರ್ನ್ ಬಿಟ್ಟು ಸಿಟಿಎಲ್ ಭಾಗದಲ್ಲಿ ಗಾತ್ರ ಕೊಡಿ. ಆ ಭಾಗವೇ ಕಾಣದಿದ್ದರೆ ಟೂಲ್ಸ್ > ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಸಿಟಿಎಲ್‌ಗೆ ಟಿಕ್ ಹಾಕಿ.

ಹೊಸ_ಸಂಶೋಧಕ:
ಎರಡೂ ಆಯಿತು, ಪರಿವಿಡಿ ಅಪ್‌ಡೇಟ್ ಮಾಡಿದೆ, ಎಲ್ಲ ಕನ್ನಡ! ಈಗ ಗೈಡ್ 4ನೇ ಅಧ್ಯಾಯವನ್ನು 3ರ ಮುಂಚೆ ತನ್ನಿ ಎನ್ನುತ್ತಿದ್ದಾರೆ. ಜೊತೆಗೆ ಮುನ್ನುಡಿ ಪುಟಗಳಿಗೆ ರೋಮನ್ ಅಂಕಿ ಕೊಟ್ಟು ಮೊದಲ ಅಧ್ಯಾಯವನ್ನು 1ರಿಂದ ಶುರು ಮಾಡಿದರೆ ಪ್ರಿಂಟಿನಲ್ಲಿ ನಡುವೆ ಖಾಲಿ ಹಾಳೆ ಬರುತ್ತದೆ.

ಪುಟಸಂಖ್ಯೆ:
ಎಫ್5 ಒತ್ತಿದರೆ ನ್ಯಾವಿಗೇಟರ್. ಹೆಡಿಂಗ್ಸ್ ಪಟ್ಟಿಯಲ್ಲಿ 4ನೇ ಅಧ್ಯಾಯವನ್ನು ಎಳೆದು ಮೇಲಕ್ಕೆ ಬಿಡಿ, ಉಪಶೀರ್ಷಿಕೆ, ಪಠ್ಯ ಸಮೇತ ಬರುತ್ತದೆ. ಖಾಲಿ ಹಾಳೆ ದೋಷವಲ್ಲ. ಬೆಸ ಸಂಖ್ಯೆ ಬಲಪುಟದಲ್ಲೇ ಬರಬೇಕು ಎಂಬುದು ರೈಟರ್‌ನ ನಿಯಮ. ಮುನ್ನುಡಿ ಬೆಸ ಪುಟದಲ್ಲಿ ಮುಗಿದರೆ ನಡುವೆ ಒಂದು ಖಾಲಿ ಪುಟ ತಾನೇ ಸೇರಿಕೊಳ್ಳುತ್ತದೆ. ಪ್ರಿಂಟ್ ಡೈಲಾಗಿನ ರೈಟರ್ ಆಯ್ಕೆಗಳಲ್ಲಿ ಇದರ ಟಿಕ್ ತೆಗೆಯಬಹುದು. ಎರಡೂ ಬದಿ ಅಚ್ಚು ಹಾಕಿಸುವುದಾದರೆ ತೆಗೆಯಬೇಡಿ, ತೆಗೆದರೆ ಬೈಂಡಿಂಗ್ ಆದಮೇಲೆ ಒಂದನೇ ಪುಟ ಎಡಕ್ಕೆ ಬೀಳುತ್ತದೆ.