ಬೆಕ್ಕೂ ಬೇಕು, ಊರಿನ ಹಳೇ ಕಥೆಯೂ ಬೇಕು: ಯಾವ ಪತ್ತೇದಾರಿ ಓದಲಿ?

ಕೇಳಿದ್ದು:
ಕಾಲು ಮುರಿದುಕೊಂಡು ಒಂದೂವರೆ ತಿಂಗಳು ಮನೆಯಲ್ಲೇ ಇರಬೇಕಾಗಿದೆ. ಪತ್ತೇದಾರಿ ಕಾದಂಬರಿ ಅಂದ್ರೆ ಇಷ್ಟ, ಆದರೆ ರಕ್ತ, ಚಿತ್ರಹಿಂಸೆ ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಕೋಝಿ ಮಿಸ್ಟರಿ’ ಅಂತಾರಲ್ಲ, ಆ ತರಹದ್ದು ಬೇಕು. ಬೆಕ್ಕು ಇರಬೇಕು. ಊರಿನ ಇತಿಹಾಸ ಕಥೆಯೊಳಗೆ ಬೆರೆತಿರಬೇಕು. ಮೊನ್ನೆ ಒಂದು ತರಿಸಿದೆ. ಮುಖಪುಟದಲ್ಲಿ ಚೆಂದದ ಬೆಕ್ಕು, ಒಳಗೆ ಅದು ಮೂರು ಸಲ ಮಿಯಾಂವ್ ಅಂದದ್ದು ಬಿಟ್ಟರೆ ಕೆಲಸವೇ ಇಲ್ಲ! ಹೀಗೆ ಮೋಸ ಹೋಗದ ಹಾಗೆ ಎಲ್ಲಿಂದ ಶುರು ಮಾಡಲಿ?

ಇಪ್ಪತ್ತು ವರ್ಷದಿಂದ ಇದನ್ನೇ ಓದುತ್ತಿರುವವರು:
ಲಿಲಿಯನ್ ಜಾಕ್ಸನ್ ಬ್ರಾನ್ ಅವರ ‘ದ ಕ್ಯಾಟ್ ಹೂ’ ಸರಣಿ. ಬೇರೆ ಯೋಚನೆಯೇ ಬೇಡ. ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನಾನು ಒಂದನೇದರಿಂದಲೇ ಹಿಡಿದೆ. ಅದು 1966ರದ್ದು, ‘ದ ಕ್ಯಾಟ್ ಹೂ ಕುಡ್ ರೀಡ್ ಬ್ಯಾಕ್‌ವರ್ಡ್ಸ್’. ಚೆನ್ನಾಗಿದೆ, ಆದರೆ ಕಥೆ ನಡೆಯುವುದು ದೊಡ್ಡ ನಗರದಲ್ಲಿ, ಚಿತ್ರ ಕಲಾವಿದರ ನಡುವೆ. ನೀವು ಕೇಳುವ ಊರಿನ ಕಥೆ ಅಲ್ಲಿ ಸಿಗುವುದಿಲ್ಲ. 1967, 1968ರಲ್ಲಿ ಇನ್ನೆರಡು ಬಂದವು. ಆಮೇಲೆ ಹದಿನೆಂಟು ವರ್ಷ ಏನೂ ಇಲ್ಲ. 1986ರಲ್ಲಿ ನಾಲ್ಕನೇದು. 1987ರ ಐದನೇದರಲ್ಲಿ, ‘ದ ಕ್ಯಾಟ್ ಹೂ ಪ್ಲೇಡ್ ಬ್ರಾಮ್ಸ್’, ನಾಯಕ ಕ್ವಿಲ್ಲರನ್ ತನ್ನ ಎರಡು ಸಯಾಮೀಸ್ ಬೆಕ್ಕುಗಳನ್ನು ಕಾರಿಗೆ ಹಾಕಿಕೊಂಡು ಮೂಸ್ ಕೌಂಟಿಗೆ ಹೊರಡುತ್ತಾನೆ. ನಿಮ್ಮ ಸರಣಿ ಶುರುವಾಗುವುದು ಅಲ್ಲಿಂದ.

ಮೂಸ್ ಕೌಂಟಿ ಕಲ್ಪನೆಯ ಊರು. ‘ಎಲ್ಲ ಕಡೆಯಿಂದಲೂ 400 ಮೈಲಿ ಉತ್ತರಕ್ಕೆ’ ಅಂತ ಲೇಖಕಿ ತಮಾಷೆ ಮಾಡುತ್ತಾರೆ, ಯಾವ ರಾಜ್ಯ ಅಂತ ಹೇಳುವುದೇ ಇಲ್ಲ. ಹಿಂದೆ ಗಣಿಗಳಿಂದ ದುಡ್ಡು ಮಾಡಿದ ಸೀಮೆ. ಈಗ ಗಣಿ ಮುಚ್ಚಿವೆ, ಮನೆತನಗಳ ಜಗಳ ಮಾತ್ರ ಮುಚ್ಚಿಲ್ಲ. ಯಾರ ಅಜ್ಜ ಯಾರಿಗೆ ಏನು ಮಾಡಿದ ಅನ್ನುವುದನ್ನು ಊರಿಗೆ ಊರೇ ನೆನಪಿಟ್ಟುಕೊಂಡಿದೆ. ಕ್ವಿಲ್ಲರನ್ ಪತ್ರಕರ್ತ, ಕೇಳುತ್ತಾ ಹೋಗುವುದೇ ಅವನ ಕೆಲಸ.

ಬೆಕ್ಕಿನ ವಿಷಯಕ್ಕೆ ಬಂದರೆ, ಕೋಕೋ ಕಪಾಟಿನಿಂದ ಪುಸ್ತಕ ಬೀಳಿಸುತ್ತದೆ. ಬಿದ್ದ ಪುಸ್ತಕದ ಹೆಸರಲ್ಲಿ ಸುಳಿವು ಇರಬಹುದು, ಇಲ್ಲದೆಯೂ ಇರಬಹುದು. ಲೇಖಕಿ ಖಚಿತ ಮಾಡುವುದಿಲ್ಲ. ಇತ್ತ ಕ್ವಿಲ್ಲರನ್‌ಗೆ ಅನುಮಾನ ಬಂದರೆ ಅವನ ದಪ್ಪ ಮೀಸೆ ಜುಮ್ಮೆನ್ನುತ್ತದೆ. ಇಬ್ಬರಿಗೂ ಮೀಸೆಯೇ ಆಧಾರ! ಒಟ್ಟು 29 ಕಾದಂಬರಿ, ಕೊನೆಯದು 2007ರಲ್ಲಿ. ಕೊನೆಕೊನೆಯವು ಸಪ್ಪೆ. ಪತ್ತೇದಾರಿಗಿಂತ ಊರಿನ ಸಮಾಚಾರವೇ ಜಾಸ್ತಿ. ನಾನು ಅಭ್ಯಾಸಬಲದಿಂದ ಓದಿ ಮುಗಿಸಿದೆ, ಅಷ್ಟೆ.

ಹಳೇ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವರು:
ಇತಿಹಾಸ ಬೇಕು ಅಂದಿರಲ್ಲ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ. ಬೆಕ್ಕು ಎಲ್ಲದರಲ್ಲೂ ಇದೆ.

ಪುಸ್ತಕ ಕೊಳ್ಳುವ ಮೊದಲು ಹಿಂಬದಿಯ ನಾಲ್ಕು ಸಾಲು ಓದಿ. ಅಲ್ಲಿ ಒಂದು ಹಳೇ ವಸ್ತು ಕಾಣಬೇಕು: ಡೈರಿ, ಉಯಿಲು, ಜಮೀನು ಪತ್ರ, ಮ್ಯೂಸಿಯಂ, ಸಮಾಧಿ ಕಲ್ಲು. ಇವತ್ತು ಕೊಲೆ ಆಗುವುದಕ್ಕೂ ಆ ವಸ್ತುವಿಗೂ ಸಂಬಂಧ ಇದ್ದರೆ ಇತಿಹಾಸ ಕಥೆಯೊಳಗೆ ಇದೆ ಅಂತ ಅರ್ಥ. ‘ಸುಂದರ ಪುರಾತನ ಪಟ್ಟಣ’ ಅಂತ ಮಾತ್ರ ಬರೆದಿದ್ದರೆ ಅದು ಬರೀ ಪರದೆ.

ಮಿರಾಂಡಾ ಜೇಮ್ಸ್ ಅವರ ‘ಆರ್ಸೆನಿಕ್ ಅಂಡ್ ಓಲ್ಡ್ ಬುಕ್ಸ್’ (2015) ಈ ಪರೀಕ್ಷೆಯಲ್ಲಿ ಪೂರ್ತಿ ಪಾಸು. ಮಿಸಿಸಿಪ್ಪಿಯ ಅಥೀನಾ ಅನ್ನುವ ಕಲ್ಪಿತ ಊರು. ಚಾರ್ಲಿ ಹ್ಯಾರಿಸ್ ಅಲ್ಲಿನ ಕಾಲೇಜಿನಲ್ಲಿ ಅಪರೂಪದ ಪುಸ್ತಕಗಳನ್ನು ನೋಡಿಕೊಳ್ಳುವ ಲೈಬ್ರೇರಿಯನ್. ಊರಿನ ಮೇಯರ್, ಅಮೆರಿಕದ ಅಂತರ್ಯುದ್ಧದ ಕಾಲದ ತಮ್ಮ ಮನೆತನದ ಡೈರಿಗಳನ್ನು ತಂದು ಕೊಡುತ್ತಾರೆ. ಕೊಟ್ಟದ್ದೇ ತಡ, ಅದರ ಮೇಲೆ ಎಲ್ಲರ ಕಣ್ಣು.

ಇದು ನನಗೆ ಯಾಕೆ ಹಿಡಿಸಿತು ಅಂದರೆ, ಹಳೇ ಡೈರಿ ಕೈಗೆ ಬಂದಾಗ ನಾವು ಮೊದಲು ಬರಹ ಓದುವುದಿಲ್ಲ, ಹೊಲಿಗೆ ನೋಡುತ್ತೇವೆ. ಮಡಚಿ ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ದಾರದ ಆಚೆಗಿನ ಅದರ ಜೋಡಿ ಹಾಳೆ ಸಡಿಲವಾಗುತ್ತದೆ. ಕಿತ್ತವರು ಆ ಜೋಡಿಯನ್ನು ಮರೆತಿರುತ್ತಾರೆ. ಇದು ಆ ಕಾದಂಬರಿಯ ಗುಟ್ಟಲ್ಲ, ಹೆದರಬೇಡಿ. ಆದರೆ ಓದುವಾಗ ನನ್ನ ಮೇಜಿನ ಮುಂದೆಯೇ ಕೂತ ಹಾಗಿತ್ತು.

ನಿಜವಾದ ಜಾಗ ಬೇಕಾದರೆ ರೀಟಾ ಮೇ ಬ್ರೌನ್. ಅವರ ‘ಮಿಸೆಸ್ ಮರ್ಫಿ’ ಸರಣಿ 1990ರಲ್ಲಿ ಶುರುವಾಯಿತು. ಅದರಲ್ಲಿ ಬರುವ ವರ್ಜೀನಿಯಾದ ಕ್ರೋಝೆ ಅನ್ನುವ ಊರು ನಿಜವಾಗಿಯೂ ಇದೆ. ಬ್ಲೂ ರಿಜ್ ಬೆಟ್ಟ ಕೊರೆದು ರೈಲು ಸುರಂಗ ಮಾಡಿಸಿದ ಎಂಜಿನಿಯರ್ ಕ್ಲೋಡಿಯಸ್ ಕ್ರೋಝೆ ಹೆಸರೇ ಊರಿಗೂ. ಸುರಂಗ 1858ರದ್ದು, ಈಗ ಅದರೊಳಗೆ ಜನ ವಾಕಿಂಗ್ ಹೋಗುತ್ತಾರೆ. ನಾನು ಕಾದಂಬರಿ ಬಿಟ್ಟು ಒಂದು ಸಂಜೆ ಪೂರ್ತಿ ಮ್ಯಾಪ್ ನೋಡುತ್ತಾ ಕೂತಿದ್ದೆ. ಸರಣಿಯಲ್ಲಿ ನಿಮಗೆ ಬೇಕಾದದ್ದು 1994ರ ‘ಮರ್ಡರ್ ಅಟ್ ಮಾಂಟಿಚೆಲ್ಲೊ’. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಯಂಗಳದಲ್ಲಿ, ಗುಲಾಮರು ಇದ್ದ ಗುಡಿಸಲಿನ ನೆಲ ಅಗೆಯುವಾಗ ಅಸ್ಥಿಪಂಜರ ಸಿಗುತ್ತದೆ. ಇನ್ನೂರು ವರ್ಷದ ಹಿಂದಿನ ಕೊಲೆ ಇವತ್ತು ಯಾರಿಗೆ ಬೇಕು ಅಂತೀರಾ? ಬೇಕಾದವರು ಇದ್ದಾರೆ.

ಮಧ್ಯೆ ಬಾಯಿ ಹಾಕಿದವರು:
ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ಜರ್ಮನಿಯ ‘ಫೆಲಿಡೇ’ (1989) ಸಿಕ್ಕರೆ ಮುಟ್ಟಬೇಡಿ. ಪತ್ತೇದಾರ ಬೆಕ್ಕೇ, ಆದರೆ ಸಾಯುವವೂ ಬೆಕ್ಕುಗಳೇ. ತುಂಬಾ ಕ್ರೂರ. ನನಗೆ ಯಾರೂ ಹೇಳಿರಲಿಲ್ಲ.

ಎರಡು ಬೆಕ್ಕು ಸಾಕಿದವರು:
ಬೆಕ್ಕು ಎಷ್ಟು ಮಾತಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಾನು ಪುಸ್ತಕ ಅರ್ಧಕ್ಕೆ ಬಿಟ್ಟಿದ್ದೆಲ್ಲ ಈ ಕಾರಣಕ್ಕೇ.

ಕೋಕೋ ಮಾತಾಡುವುದಿಲ್ಲ. ಮಿರಾಂಡಾ ಜೇಮ್ಸ್ ಅವರ ಡೀಸೆಲ್ ಕೂಡ ಅಷ್ಟೇ. ಅದು ದೈತ್ಯ ಮೇನ್ ಕೂನ್ ಬೆಕ್ಕು, ಬೆಲ್ಟ್ ಹಾಕಿಸಿಕೊಂಡು ಯಜಮಾನನ ಜೊತೆ ಲೈಬ್ರರಿಗೆ ಹೋಗುತ್ತದೆ. ಬೇಜಾರಲ್ಲಿ ಇರುವವರ ಪಕ್ಕ ಹೋಗಿ ಒರಗುತ್ತದೆ. ಅಪರಾಧಿಯನ್ನು ಹಿಡಿಯುವುದಿಲ್ಲ. ನನಗೆ ಇಷ್ಟೇ ಸಾಕು. ನಮ್ಮ ಮನೆಯ ದೊಡ್ಡದು ನಾನು ಪುಸ್ತಕ ಬಿಡಿಸಿದ ಕೂಡಲೇ ಬಂದು ಎಡಗಡೆ ಪುಟದ ಮೇಲೆ ಕೂರುತ್ತದೆ. ಯಾವಾಗಲೂ ಎಡಗಡೆಯೇ. ಸರಿಸಿದರೆ ಬಾಲ ಮಾತ್ರ ಬಿಟ್ಟು ಹೋಗುತ್ತದೆ. ಇಂಥದ್ದನ್ನು ಗಮನಿಸಿ ಬರೆದವರನ್ನು ನಂಬಬಹುದು.

ಮಿಸೆಸ್ ಮರ್ಫಿಯಲ್ಲಿ ಪ್ರಾಣಿಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ, ಮನುಷ್ಯರಿಗೆ ಅರ್ಥವಾಗುವುದಿಲ್ಲ. ಬೆಕ್ಕಿಗೆ ಎಲ್ಲಾ ಗೊತ್ತು, ಅದರ ಒಡತಿ ಹ್ಯಾರಿಗೆ ಹೇಳಲು ದಾರಿಯಿಲ್ಲ. ಮಜಾ ಇದೆ. ಲೇಖಕಿ ತಮ್ಮ ಬೆಕ್ಕು ಸ್ನೀಕಿ ಪೈ ಹೆಸರನ್ನೂ ಜೊತೆ ಲೇಖಕಿ ಅಂತ ಮುಖಪುಟದಲ್ಲಿ ಹಾಕಿದ್ದಾರೆ! ಶರ್ಲಿ ರೂಸೋ ಮರ್ಫಿ ಅವರ ಜೋ ಗ್ರೇ ನೇರವಾಗಿ ಮನುಷ್ಯರ ಹತ್ತಿರವೇ ಮಾತಾಡುತ್ತದೆ. ಅಲ್ಲಿ ನಾನು ಕೈಚೆಲ್ಲಿದೆ. ನನ್ನ ತಂಗಿಗೆ ಅದೇ ಪ್ರಾಣ, ಹಾಗಾಗಿ ಇದು ರುಚಿಯ ವಿಷಯ.

ಜಪಾನಿನ ಜಿರೋ ಅಕಗಾವ 1978ರಿಂದ ಬರೆದ ಮೂರು ಬಣ್ಣದ ಬೆಕ್ಕು ಹೋಮ್ಸ್ ಕೂಡ ಇದೆ. ಯಜಮಾನ ಪೊಲೀಸ್, ಆದರೆ ರಕ್ತ ಕಂಡರೆ ತಲೆ ತಿರುಗುವ ಪೊಲೀಸ್. ನಿಮಗೆ ಜೊತೆಯಾದ ಅಲ್ವಾ?

ಕೇಳಿದವರೇ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಮಾತಾಡದ ಬೆಕ್ಕೇ ಸಾಕು. ಬ್ರಾನ್ ಸರಣಿಯಲ್ಲಿ ಐದನೇದರಿಂದ ಕ್ರಮವಾಗಿಯೇ ಹೋಗಬೇಕಾ? ಇತಿಹಾಸ ಜಾಸ್ತಿ ಇರುವುದಕ್ಕೆ ನೇರವಾಗಿ ಹಾರಬಹುದಾ?

ಇಪ್ಪತ್ತು ವರ್ಷದಿಂದ ಓದುತ್ತಿರುವವರು:
ಐದು, ಆರು ಕ್ರಮವಾಗಿ ಓದಿ. ಆರರಲ್ಲಿ ಕ್ವಿಲ್ಲರನ್‌ಗೆ ದೊಡ್ಡ ಆಸ್ತಿ ಬರುತ್ತದೆ. ಅದು ಗೊತ್ತಿಲ್ಲದಿದ್ದರೆ ಮುಂದಿನದರಲ್ಲಿ ಇವನಿಗೆ ಇಷ್ಟು ದುಡ್ಡು ಎಲ್ಲಿಂದ ಅಂತ ತಲೆ ಕೆರೆದುಕೊಳ್ಳುತ್ತೀರಿ. ಆಮೇಲೆ ಹತ್ತನೇದಕ್ಕೆ ಹಾರಿ, ‘ದ ಕ್ಯಾಟ್ ಹೂ ಟಾಕ್ಡ್ ಟು ಗೋಸ್ಟ್ಸ್’, 1990. ಹಳೇ ತೋಟದ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆ. ನೋಡಿಕೊಳ್ಳುವ ಹೆಂಗಸು ರಾತ್ರಿ ಏನೋ ಸದ್ದು ಕೇಳಿ ಹೆದರಿ ಫೋನ್ ಮಾಡುತ್ತಾರೆ. ಕ್ವಿಲ್ಲರನ್ ಬರುವಷ್ಟರಲ್ಲಿ ಸತ್ತಿದ್ದಾರೆ. ಅವನು ಬೆಕ್ಕುಗಳ ಜೊತೆ ಅದೇ ಮನೆಗೆ ಬಂದು ಇರುತ್ತಾನೆ. ಊರಿನ ಹಳೇ ಪಾಪ ಒಂದೊಂದೇ ಹೊರಗೆ ಬರುತ್ತದೆ. ಇಡೀ ಸರಣಿಯಲ್ಲಿ ನನಗೆ ಇಷ್ಟವಾದದ್ದು ಇದೇ.

ಒಂದು ಮಾತು. ಆ ಹೆಂಗಸು ಹಿಂದಿನ ಪುಸ್ತಕಗಳಲ್ಲೂ ಬರುತ್ತಾರೆ. ಮೂರನೇದರಿಂದಲೇ ಪರಿಚಯ. ಅವರ ಜೊತೆ ಸ್ವಲ್ಪ ದಿನ ಕಳೆದಿದ್ದರೆ ಆ ಫೋನ್ ಕರೆ ಬೇರೆ ತರಹ ಕೇಳಿಸುತ್ತದೆ. ನಿಮ್ಮ ಹತ್ತಿರ ಒಂದೂವರೆ ತಿಂಗಳಿದೆ. ಹಾರಬೇಡಿ ಅಂತಲೇ ಹೇಳಬೇಕಿತ್ತೋ ಏನೋ.

ದಾಖಲೆ ವಿಭಾಗದವರು:
ಹಾರಬೇಡಿ.

ಕೇಳಿದವರು:
ಸರಿ, ಮೂರನೇದನ್ನೂ ಸೇರಿಸಿ ತರಿಸಿದೆ. ಮೂರು, ಐದು, ಆರು, ಹತ್ತು. ಪಾರ್ಸೆಲ್ ಬಂತು. ಪುಸ್ತಕ ನಾನು ಇನ್ನೂ ಮುಟ್ಟಿಲ್ಲ, ಪಕ್ಕದ ಮನೆಯ ಬೆಕ್ಕು ಬಂದು ರಟ್ಟಿನ ಡಬ್ಬದೊಳಗೆ ಮಲಗಿದೆ.