ಕಲರ್ ಸ್ಕೇಲ್ ಹಾಕಿದ ಮೇಲೆ ಅಂಕಿನೇ ಕಾಣ್ತಿಲ್ಲ, ನೀವೆಲ್ಲ ಏನ್ ಮಾಡ್ತೀರಿ?

ನೀಲಿಶೀಟ್: ಎಕ್ಸೆಲ್‌ನಲ್ಲಿ ತಿಂಗಳ ಅಂಕಿಗಳಿಗೆ ಬಿಳಿಯಿಂದ ಕಡು ನೀಲಿಗೆ ಹೋಗುವ ಕಲರ್ ಸ್ಕೇಲ್ ಹಾಕಿದ್ದೇನೆ, ಅಂಕಿ ದೊಡ್ಡದಾದಷ್ಟೂ ಸೆಲ್ ಬಣ್ಣ ತಾನೇ ಕಡುವಾಗುತ್ತದೆ. ಸಣ್ಣ ಅಂಕಿಗಳು ಚೆನ್ನಾಗಿ ಕಾಣುತ್ತವೆ. ದೊಡ್ಡವು, ಅಂದ್ರೆ ನೋಡಲೇಬೇಕಾದವು, ನೀಲಿಯಲ್ಲಿ ಮುಳುಗಿಹೋಗಿವೆ. ಅಕ್ಷರ ಕಪ್ಪು. ಅನುಭವ ಇದ್ದವರು ಹೇಳಿ.

ಹಳೇ ಲೆಕ್ಕಿಗ: ಏನು ಬೇಕಾದರೂ ಮಾಡಿ, ಕೈಯಾರೆ ಅಕ್ಷರ ಬಿಳಿ ಮಾಡಬೇಡಿ. ನಾನು ಮಾಡಿದ್ದೆ. ಕಡು ಬಣ್ಣದ ಸೆಲ್‌ಗಳನ್ನು ಒಂದೊಂದಾಗಿ ಆರಿಸಿ ಬಿಳಿ ಹಾಕಿದೆ, ನಲವತ್ತಕ್ಕೂ ಜಾಸ್ತಿ ಇದ್ದವು. ಮುಂದಿನ ವಾರ ಹೊಸ ಅಂಕಿ ಬಂತು. ಬಣ್ಣ ಜಾಗ ಬದಲಿಸಿತು, ಬಿಳಿ ಅಕ್ಷರ ಅಲ್ಲೇ ಉಳಿಯಿತು. ತೆಳು ಹಳದಿ ಮೇಲೆ ಬಿಳಿ! ಜೊತೆಯವರೊಬ್ಬರು ಸೆಲ್ ಖಾಲಿ ಇದೆ ಅಂದುಕೊಂಡು ಅದರ ಮೇಲೆ ಸೊನ್ನೆ ಟೈಪ್ ಮಾಡಿಬಿಟ್ಟರು. ಅಡಿಯಲ್ಲಿದ್ದ ಫಾರ್ಮುಲಾ ಹೋಯ್ತು. ಒಟ್ಟು ಮೊತ್ತ ತಪ್ಪಿದ್ದು ಗೊತ್ತಾಗಿದ್ದು ಹನ್ನೊಂದು ದಿನದ ಮೇಲೆ, ಬೈಸಿಕೊಂಡಿದ್ದು ನಾನು. ಆಮೇಲಿಂದ ನನ್ನ ಶೀಟ್‌ನಲ್ಲಿ ತೆಳು ಬಣ್ಣ ಮಾತ್ರ.

ಸಾಲು 1048576: ಇಷ್ಟಕ್ಕೆ ಬಣ್ಣವನ್ನೇ ಬಿಡೋದಾ? ಸ್ಕೇಲ್ ಜೊತೆಗೆ ಇನ್ನೊಂದು ಕಂಡೀಷನಲ್ ಫಾರ್ಮ್ಯಾಟಿಂಗ್ ನಿಯಮ ಹಾಕಿ, ಫಾರ್ಮುಲಾದ್ದು (ಷರತ್ತಿಗೆ ಹೊಂದಿದ ಸೆಲ್‌ಗೆ ಮಾತ್ರ ರೂಪ ಬದಲಿಸೋದು), ಅದರಲ್ಲಿ ಫಾಂಟ್ ಬಿಳಿ ಅಂತ ಮಾತ್ರ ಕೊಡಿ, ಫಿಲ್ ಅಂದ್ರೆ ಸೆಲ್ ಬಣ್ಣ ಮುಟ್ಟಬೇಡಿ. ಎರಡೂ ಒಟ್ಟಿಗೆ ನಡೆಯುತ್ತವೆ. ಕನಿಷ್ಠದಿಂದ ಗರಿಷ್ಠದವರೆಗಿನ ದೂರದಲ್ಲಿ ಶೇ. 65 ದಾಟಿದ್ದಕ್ಕೆ ಬಿಳಿ ಅಂತ ನಾನು ಇಟ್ಟಿದ್ದೇನೆ. 50 ಅಲ್ಲ! ಅರ್ಧಕ್ಕೆ ಇಟ್ಟಾಗ ನಡುವಿನ ಸೆಲ್‌ಗಳೆಲ್ಲ ಹಾಳಾಗಿದ್ದವು.

ನನ್ನ ಪೆಟ್ಟೂ ಕೇಳಿ. ಆ ನಿಯಮ ಮೇಲಿತ್ತು, ಪಕ್ಕದ "ಸ್ಟಾಪ್ ಇಫ್ ಟ್ರೂ" ಗುರುತು ನೋಡಿರಲಿಲ್ಲ, ಅದಿದ್ದರೆ ಹೊಂದಿದ ಸೆಲ್‌ಗೆ ಕೆಳಗಿನ ನಿಯಮಗಳು ನಡೆಯೋದಿಲ್ಲ. ಕೆಳಗಿನ ಸ್ಕೇಲ್ ಆ ಸೆಲ್‌ಗಳಿಗೆ ಬರಲೇ ಇಲ್ಲ. ಬಿಳಿ ಮೇಲೆ ಬಿಳಿ. ಅತಿ ದೊಡ್ಡ ಅಂಕಿಗಳೇ ಮಾಯ. ಎರಡು ಗಂಟೆ ಡೇಟಾ ಹುಡುಕಿದ್ದೇನೆ.

ಮ್ಯಾಕ್ರೋ ಪೀಡಿತ: ನಿಮ್ದು ಎರಡು ಗಂಟೆ, ನನ್ನದು ಮೂರು ರಾತ್ರಿ. ಸೆಲ್ ಬಣ್ಣ ಓದಿ ಅಕ್ಷರದ ಬಣ್ಣ ತೀರ್ಮಾನಿಸುವ ಮ್ಯಾಕ್ರೋ, ಅಂದ್ರೆ ಎಕ್ಸೆಲ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂ, ಬರೆದೆ. ಇಂಟೀರಿಯರ್ ಕಲರ್ (ಸೆಲ್‌ಗೆ ನೇರವಾಗಿ ಹಾಕಿದ ಬಣ್ಣ) ಕೇಳಿದರೆ ಪ್ರತಿ ಸೆಲ್ಲೂ ಬಿಳಿ ಅಂತಲೇ ಹೇಳುತ್ತದೆ, ಸ್ಕೇಲ್ ಬಳಿದ ಬಣ್ಣ ಅದಕ್ಕೆ ಗೊತ್ತೇ ಇಲ್ಲ. ಅದಕ್ಕೆ ತೆರೆಯ ಮೇಲೆ ಕಾಣುವ ಬಣ್ಣ ಹೇಳುವ ಡಿಸ್‌ಪ್ಲೇ ಫಾರ್ಮ್ಯಾಟ್ ಬೇಕು, ಎಕ್ಸೆಲ್ 2010ರಿಂದ ಇದೆ. ಸರಿ, ಅದನ್ನು ಫಂಕ್ಷನ್ ಮಾಡಿ ಸೆಲ್‌ನಿಂದ ಕರೆದೆ. ಎರರ್. ಅಲ್ಲಿ ಅದು ನಡೆಯೋದಿಲ್ಲವಂತೆ.

ಅಕ್ಷರ ಕಪ್ಪೋ ಬಿಳಿಯೋ ಅಂತ ತೀರ್ಮಾನಿಸಲು ಸೆಲ್ ಬಣ್ಣದ ಹೊಳಪು ಅಳೆಯುವಾಗ ಹಸಿರಿಗೆ 0.7152, ಕೆಂಪಿಗೆ 0.2126, ನೀಲಿಗೆ ಬರೀ 0.0722 ತೂಕ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸುವವರಿಗೆ ನನ್ನ ನಮಸ್ಕಾರ.

ಸಾಲು 1048576: ಎರಡು ನಿಯಮದಲ್ಲಿ ಮುಗಿಯೋದಕ್ಕೆ ಮ್ಯಾಕ್ರೋ ಯಾಕೆ ಸ್ವಾಮಿ? ಕೆಂಪಿನ ಮೇಲೆ ಬಿಳಿ ಅಕ್ಷರವೇ ಬೇಕು ಅಂತ ಕಣ್ಣಿಗೇ ಗೊತ್ತಾಗುತ್ತೆ.

ಮ್ಯಾಕ್ರೋ ಪೀಡಿತ: ಕಣ್ಣಿಗೆ ಗೊತ್ತಾಗುತ್ತಾ? ಅಪ್ಪಟ ಕೆಂಪಿನ ಮೇಲೆ ಬಿಳಿಯ ಕಾಂಟ್ರಾಸ್ಟ್ (ಎರಡು ಬಣ್ಣಗಳ ಹೊಳಪಿನ ಅನುಪಾತ) 4.0, ಕಪ್ಪಿನದು 5.25. ವೆಬ್ ಎಲ್ಲರಿಗೂ ಓದಲು ಬರಲಿ ಅಂತ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5. ನಿಮ್ಮ ಬಿಳಿ ಫೇಲ್.

ಸಾಲು 1048576: ಲೆಕ್ಕದಲ್ಲಿ ಪಾಸಾದ ನಿಮ್ಮ ಕಪ್ಪನ್ನು ಕೆಂಪಿನ ಮೇಲೆ ಇಟ್ಟು ಒಂದು ದಿನ ಓದಿ ನೋಡಿ. ಆಮೇಲೆ ಮಾತಾಡೋಣ.

ಮಸುಕುಗಣ್ಣು: ಇಬ್ಬರೂ ಕೆಂಪು ಕೆಂಪು ಅಂತ ಹೊಡೆದಾಡ್ತಾ ಇದ್ದೀರಿ. ನನಗೆ ಕೆಂಪು ಹಸಿರಿನ ವ್ಯತ್ಯಾಸವೇ ಸರಿಯಾಗಿ ಕಾಣಿಸುವುದಿಲ್ಲ. ವರ್ಷಗಟ್ಟಲೆ ಕೆಂಪು-ಹಳದಿ-ಹಸಿರು ಶೀಟ್ ಕಳಿಸಿ "ಕೆಂಪಿರೋದು ನೋಡಿ ಸಾರ್" ಅಂತಿದ್ದರು. ನಾನು ಸುಮ್ನೆ ತಲೆ ಆಡಿಸಿ, ಒಳಗೆ ಕೂತು ಅಂಕಿ ಓದುತ್ತಿದ್ದೆ. ಆ ಅಂಕಿಯನ್ನೂ ಬಣ್ಣದಲ್ಲಿ ಮುಳುಗಿಸಿದರೆ ನನಗೆ ಉಳಿಯೋದೇನು? ಕೊನೆಗೆ ಅಂಕಿಗೆ ಒಂದು ಕಾಲಂ, ಬಣ್ಣಕ್ಕೆ ಪಕ್ಕದಲ್ಲಿ ಇನ್ನೊಂದು ಕಿರಿದಾದ ಕಾಲಂ ಅಂತ ಮಾಡಿಸಿದೆ. ಶೀಟ್ ಅಗಲ ಆಯ್ತು ಅಂತ ಗೊಣಗಿದರು. ಗೊಣಗಲಿ.

ಹಳೇ ಲೆಕ್ಕಿಗ: ಹನ್ನೆರಡು ತಿಂಗಳಿಗೆ ಇಪ್ಪತ್ನಾಲ್ಕು ಕಾಲಂ! ಪ್ರಿಂಟ್ ತೆಗೆಯೋರ ಗತಿ?

ಮಸುಕುಗಣ್ಣು: ಪ್ರಿಂಟ್ ಯಾಕೆ ತೆಗೀತೀರಿ?

ಹಳೇ ಲೆಕ್ಕಿಗ: ಸಹಿ ಬೇಕಲ್ಲ ಸಾರ್. ಸಹಿ ನೀವು ಸ್ಕ್ರೀನ್ ಮೇಲೆ ಹಾಕ್ತೀರಾ?

ನೀಲಿಶೀಟ್: ನನ್ನ ಶೀಟ್‌ನಲ್ಲಿ ಕೆಂಪೇ ಇಲ್ಲ. ಶೇ. 65ರ ನಿಯಮ ಹಾಕಿ ನೋಡಿದೆ, ಹೆಚ್ಚು ಕಡಿಮೆ ಎಲ್ಲ ಕಾಣ್ತಿದೆ. ಒಂದೇ ಒಂದು ಸೆಲ್ ಮಾತ್ರ ಅಪ್ಪಟ ಬಿಳಿ ಆಗಿದೆ, ಅತಿ ದೊಡ್ಡದು.

ಸಾಲು 1048576: ಅದಕ್ಕೆ ಯಾರೋ ಹಳೇ ನಿಯಮ ಪೇಸ್ಟ್ ಮಾಡಿರಬೇಕು. ನಿಯಮಗಳ ಪಟ್ಟಿ ತೆರೆದು "ಸ್ಟಾಪ್ ಇಫ್ ಟ್ರೂ" ನೋಡಿ. ಹೇಳಿದ್ದೆ ಅಲ್ವಾ.

ಮ್ಯಾಕ್ರೋ ಪೀಡಿತ: ನೋಡಿ, ಇದಕ್ಕೇ ನಾನು ಮ್ಯಾಕ್ರೋ ಅಂದಿದ್ದು.