ಡ್ರಂಕ್ ಅಂಡ್ ಡ್ರೈವ್ ಕೇಸ್ ಆದ ಮೇಲೆ ಕಾರಿನ ಇನ್ಶೂರೆನ್ಸ್ ಡಬಲ್ ಆಗುತ್ತಾ? ಹುಬ್ಬಳ್ಳಿಯಿಂದ ಕೇಳುತ್ತಿದ್ದೇನೆ

ಬೇರಿಂಗ್‌ಅಂಗಡಿ_ಗೋಕುಲರೋಡ್:

ಎಲ್ಲರಿಗೂ ನಮಸ್ಕಾರ. ಗೋಕುಲ ರೋಡಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಬೇರಿಂಗ್, ಬೆಲ್ಟ್ ಮಾರುತ್ತೇನೆ. ವಿಷಯ ಮುಚ್ಚಿಟ್ಟು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಅದಕ್ಕೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡು ತಿಂಗಳ ಹಿಂದೆ ನವನಗರದಲ್ಲಿ ಗೆಳೆಯನ ಮನೆ ಗೃಹಪ್ರವೇಶ ಇತ್ತು. ಊಟ ಆದ ಮೇಲೆ ನಾಲ್ಕೈದು ಜನ ಮಾಳಿಗೆ ಮೇಲೆ ಕುಳಿತೆವು. ಕುಡಿದೆ. ರಾತ್ರಿ ಹನ್ನೊಂದೂವರೆಗೆ ಕಾರು ತೆಗೆದೆ. ಉಣಕಲ್ ಕೆರೆ ದಾಟಿ ವಿದ್ಯಾನಗರದ ಹತ್ತಿರ ಬರುವಾಗ ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತಿದ್ದರು. ಊದಿಸಿದರು. ಮಷೀನಿನಿಂದ ಬಸ್ ಟಿಕೆಟ್‌ನಂಥ ಚೀಟಿ ಬಂತು. ಅದರಲ್ಲಿ ಆಲ್ಕೋಹಾಲ್ ಪ್ರಮಾಣ 86 ಅಂತ ಇತ್ತು. 30 ದಾಟಿದರೆ ಕೇಸ್ ಎಂದು ಬೆರಳಿಟ್ಟು ತೋರಿಸಿದರು. ಕಾರು ಅಲ್ಲೇ ಹಿಡಿದುಕೊಂಡರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿದೆ. ಲೈಸೆನ್ಸ್ ಮೂರು ತಿಂಗಳು ಅಮಾನತು ಆಗಿದೆ, ಇನ್ನೂ ಒಂದು ತಿಂಗಳು ಬಾಕಿ. ತಪ್ಪು ಪೂರ್ತಿ ನನ್ನದೇ, ಅದರಲ್ಲಿ ಎರಡು ಮಾತಿಲ್ಲ.

ಈಗ ತೊಂದರೆ ಬೇರೆ. ನನ್ನದು 2018ರ ಸ್ವಿಫ್ಟ್, ಪೆಟ್ರೋಲ್, 1197 ಸಿಸಿ. 28ನೇ ತಾರೀಖಿಗೆ ಇನ್ಶೂರೆನ್ಸ್ ಮುಗಿಯುತ್ತದೆ. ಹೋದ ವರ್ಷ 9,400 ಕಟ್ಟಿದ್ದೆ. ಈ ಸಲ ಏಜೆಂಟರು 17,365 ಹೇಳುತ್ತಿದ್ದಾರೆ. 'ನಿಮ್ಮ ಮೇಲೆ ಕೇಸ್ ಆಗಿದೆ, ಕಂಪ್ಯೂಟರ್‌ನಲ್ಲಿ ಎಲ್ಲಾ ಬರುತ್ತೆ, ಈ ರೇಟಿಗೂ ಬೇರೆ ಯಾರೂ ಕೊಡಲ್ಲ' ಅಂತಾರೆ. ಯೂಟ್ಯೂಬ್‌ನಲ್ಲಿ ನೋಡಿದರೆ ಅಲ್ಲೂ ಎರಡು ಪಟ್ಟು, ಮೂರು ಪಟ್ಟು ಅಂತಾರೆ. ಯಾವುದೋ ಫಾರ್ಮ್ ಬೇರೆ ಕೊಡಬೇಕಂತೆ.

ಇದು ನಿಜವಾ? ಬರೀ ಥರ್ಡ್ ಪಾರ್ಟಿ, ಅಂದರೆ ಬೇರೆಯವರಿಗೆ ಆದ ಹಾನಿಗೆ ಮಾತ್ರ, ಮಾಡಿಸಿದರೆ ಸಾಕಾ? ನಾನಂತೂ ಈಗ ಓಡಿಸುವ ಹಾಗಿಲ್ಲ, ಗದಗ, ಹಾವೇರಿ ಕಡೆ ವಸೂಲಿಗೆ ಹೋಗುವಾಗ ನನ್ನ ತಮ್ಮ ಓಡಿಸುತ್ತಾನೆ. ಲೈಸೆನ್ಸ್ ವಾಪಸ್ ಬರುವವರೆಗೆ ಇನ್ಶೂರೆನ್ಸ್ ಬಿಟ್ಟು, ಆಮೇಲೆ ಮಾಡಿಸಿದರೆ ನಡೆಯುತ್ತಾ? ಮಗಳ ಕಾಲೇಜ್ ಫೀ ಕಟ್ಟುವ ತಿಂಗಳು ಇದು. ಎಂಟು ಸಾವಿರ ಜಾಸ್ತಿ ಅಂದರೆ ನನಗೆ ದೊಡ್ಡ ಮೊತ್ತ.

ಧಾರವಾಡ_ನಿವೃತ್ತ:

ನಾನು ಇನ್ಶೂರೆನ್ಸ್ ಕಚೇರಿಯಲ್ಲಿ 31 ವರ್ಷ ಇದ್ದವನು, ಈಗ ಮಾಳಮಡ್ಡಿಯಲ್ಲಿ ಮನೆಯಲ್ಲಿದ್ದೇನೆ. ಮೊದಲು ಒಂದು ಕೆಲಸ ಮಾಡಪ್ಪ. ಏಜೆಂಟ್ ಕೊಟ್ಟ ಕೊಟೇಶನ್‌ನಲ್ಲಿ ಇರುವ ಸಾಲುಗಳನ್ನು ಒಂದೊಂದಾಗಿ ಇಲ್ಲಿ ಬರೆ. ಒಟ್ಟು ಮೊತ್ತ ನೋಡಿ ಏನೂ ಹೇಳಲು ಆಗುವುದಿಲ್ಲ.

ಬೇರಿಂಗ್‌ಅಂಗಡಿ_ಗೋಕುಲರೋಡ್:

ಆಯ್ತು ಸರ್. ವಾಟ್ಸಾಪ್‌ನಲ್ಲಿ ಕಳಿಸಿದ್ದರು, ನೋಡಿಕೊಂಡು ಬರೆಯುತ್ತೇನೆ. ಓನ್ ಡ್ಯಾಮೇಜ್ (ನನ್ನ ಕಾರಿಗೆ ಆಗುವ ಹಾನಿಗೆ) 6,000. ಎನ್‌ಸಿಬಿ (ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿ) ಎದುರಿಗೆ 0. ಝೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) 2,400. ಇಂಜಿನ್ ಪ್ರೊಟೆಕ್ಟ್ 1,100. ಕನ್ಸ್ಯೂಮೇಬಲ್ಸ್ 600. ಕೀ ಕಳೆದುಹೋದರೆ ಅಂತ 500. ರೋಡ್‌ಸೈಡ್ 300. ಥರ್ಡ್ ಪಾರ್ಟಿ 3,416. ಪಿಎ 400. ಇದರ ಮೇಲೆ ಜಿಎಸ್‌ಟಿ 2,649. ನಾಲ್ಕು ವರ್ಷದಿಂದ ನಾನು ಒಂದು ಕ್ಲೇಮ್ ಕೂಡ ಮಾಡಿಲ್ಲ.

ಧಾರವಾಡ_ನಿವೃತ್ತ:

ಸರಿ. ಈಗ ಇದರಲ್ಲಿ ಕೇಸಿನ ಸಾಲು ಯಾವುದು ತೋರಿಸು ನೋಡೋಣ. ಇಲ್ಲ. ಯಾಕೆಂದರೆ ಅಂಥ ಸಾಲೇ ಇಲ್ಲ.

ಥರ್ಡ್ ಪಾರ್ಟಿ ದರವನ್ನು ಕಂಪನಿ ತನಗೆ ಬೇಕಾದ ಹಾಗೆ ಏರಿಸುವಂತಿಲ್ಲ, ಅದು ಸರ್ಕಾರ ಗೊತ್ತು ಮಾಡಿದ್ದು. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094, 1000ದಿಂದ 1500 ಸಿಸಿವರೆಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897. ಕುಡಿದು ಸಿಕ್ಕಿಬಿದ್ದವನಿಗೂ ಅಷ್ಟೇ, ಜೀವನದಲ್ಲಿ ಕುಡಿಯದವನಿಗೂ ಅಷ್ಟೇ. ನಿನ್ನ ಕೊಟೇಶನ್‌ನಲ್ಲೂ ಅದೇ 3,416 ಇದೆ ನೋಡು.

ಓನ್ ಡ್ಯಾಮೇಜ್ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಅದು ನಿಂತಿರುವುದು ಕಾರಿನ ವಯಸ್ಸು, ಬೆಲೆ, ಊರು, ಹಿಂದಿನ ಕ್ಲೇಮ್ ಇವುಗಳ ಮೇಲೆ. 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಒಂದು ಸಮಿತಿ ಸಂಚಾರ ತಪ್ಪುಗಳಿಗೆ ಅಂಕ ಹಾಕಿ, ಅದರ ಮೇಲೆ ಬೇರೆ ಪ್ರೀಮಿಯಂ ಹಾಕಬೇಕು ಎಂದು ಶಿಫಾರಸು ಮಾಡಿತ್ತು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಪಾರ್ಕಿಂಗ್‌ಗೆ 10. ಮೊದಲು ದೆಹಲಿಯಲ್ಲಿ ಪ್ರಯೋಗ ಅಂತ ಇತ್ತು. ನಾನು ನೋಡಿದ ಯಾವ ಪಾಲಿಸಿಯಲ್ಲೂ ಆ ಸಾಲು ಬಂದಿಲ್ಲ.

ನಿನ್ನ ದುಡ್ಡು ಹೋಗುತ್ತಿರುವುದು ಎನ್‌ಸಿಬಿಯಲ್ಲಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಕೊನೆಗೆ 50. ಹಳೇ ಪಾಲಿಸಿ ತೆಗೆದು ನೋಡು, 35 ಅಂತ ಇರಬೇಕು. ಈ ಸಲ 45 ಸಿಗಬೇಕು. ಎನ್‌ಸಿಬಿ ಹೋಗುವುದು ಕ್ಲೇಮ್ ಮಾಡಿದರೆ. ಕೋರ್ಟಿನಲ್ಲಿ ದಂಡ ಕಟ್ಟಿದ್ದಕ್ಕೆ ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. 6,000ದಲ್ಲಿ 2,700 ಅಲ್ಲೇ ಇಳಿಯಿತು. ಇನ್ನು ಝೀರೋ ಡೆಪ್, ಇಂಜಿನ್, ಕೀ ಎಲ್ಲ ನಿನ್ನ ಇಷ್ಟ, ಕಡ್ಡಾಯ ಅಲ್ಲ.

ಇನ್ಶೂರೆನ್ಸ್ ಬಿಡುವ ಮಾತು ದಯವಿಟ್ಟು ಬಿಡು. ತಮ್ಮ ಓಡಿಸುತ್ತಾನೆ ಅಂದರೆ ಕಾರು ರಸ್ತೆ ಮೇಲೆ ಇದೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕರೆ ಮೊದಲ ಸಲ 2,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅದಕ್ಕಿಂತ ದೊಡ್ಡದು, ಯಾರಿಗಾದರೂ ತಾಗಿದರೆ ಪರಿಹಾರ ಪೂರ್ತಿ ನಿನ್ನ ಕಿಸೆಯಿಂದ. ತಡವಾದರೆ ಕಾರು ತಪಾಸಣೆ ಮಾಡಿಸಿದ ಮೇಲೇ ಫುಲ್ ಇನ್ಶೂರೆನ್ಸ್ ಕೊಡುತ್ತಾರೆ. 90 ದಿನ ದಾಟಿದರೆ ನಾಲ್ಕು ವರ್ಷದ ಎನ್‌ಸಿಬಿ ಸೊನ್ನೆ.

ಬರೀ ಥರ್ಡ್ ಪಾರ್ಟಿಗೆ ಜಿಎಸ್‌ಟಿ ಸೇರಿ 4,031 ಬೀಳುತ್ತದೆ, ಪಿಎ ಬೇರೆ. ಕಾರು ನಜ್ಜುಗುಜ್ಜಾದರೂ, ಕಳುವಾದರೂ ತಡೆದುಕೊಳ್ಳುವ ಶಕ್ತಿ ಇದ್ದರೆ ಅದು ಸಾಕು. ನೀನು ಬರೆದ ರೀತಿ ನೋಡಿದರೆ ನಿನಗೆ ಬೇಡ ಅನ್ನುತ್ತೇನೆ.

ಪಿಎ ಅಂದರೆ ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ. ನಿನ್ನ ಹೆಸರಲ್ಲಿ ಅಷ್ಟೇ ಮೊತ್ತದ್ದು ಬೇರೆ ಕಡೆ ಇದ್ದರೆ ಮತ್ತೆ ತೆಗೆದುಕೊಳ್ಳಬೇಕಿಲ್ಲ. ಚಾಲ್ತಿ ಲೈಸೆನ್ಸ್ ಇದ್ದವರಿಗೆ ಮಾತ್ರ ಅದು ನಡೆಯುತ್ತದೆ ಅನ್ನುವುದು ನೆನಪಿರಲಿ.

ಇನ್ನೊಂದು, ಬಹಳ ಮುಖ್ಯ. ಪ್ರಪೋಸಲ್ ಫಾರ್ಮ್‌ನಲ್ಲಿ ಚಾಲಕನಿಗೆ ಹಿಂದೆ ಶಿಕ್ಷೆ ಆಗಿದೆಯೇ ಎಂದು ಕೇಳಿದ್ದರೆ ಹೌದು ಎಂದೇ ಬರೆ. ಏಜೆಂಟರು ಸುಮ್ನೆ 'ಇಲ್ಲ' ಅಂತ ಟಿಕ್ ಮಾಡಿ ಸಹಿಗೆ ಕೊಡುತ್ತಾರೆ. ನಾಳೆ ಕ್ಲೇಮ್ ಬಂದಾಗ ಅದೇ ಟಿಕ್ ನಿನ್ನ ಕುತ್ತಿಗೆಗೆ ಬರುತ್ತದೆ. ಮತ್ತೆ, ಕಡಿಮೆ ಪ್ರೀಮಿಯಂ ತೋರಿಸಲು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಇಳಿಸಿದ್ದಾರಾ ನೋಡು. ಕಾರು ಹೋದರೆ ಕೈಗೆ ಬರುವುದು ಆ ಐಡಿವಿ ಲೆಕ್ಕದಲ್ಲೇ.

ಮುಳಗುಂದನಾಕಾ_ಗದಗ:

ಯೂಟ್ಯೂಬ್‌ನಲ್ಲಿ ಹೇಳುವ ಆ ಫಾರ್ಮ್ ಅಮೆರಿಕದ್ದು ಅಣ್ಣ. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ, ಅವನಿಗೆ ಆಗಿತ್ತು. ಎಸ್‌ಆರ್-22 ಅಂತಾರೆ. ಇವನ ಹತ್ತಿರ ಇನ್ಶೂರೆನ್ಸ್ ಇದೆ ಎಂದು ಕಂಪನಿಯೇ ರಾಜ್ಯ ಸರ್ಕಾರಕ್ಕೆ ಬರೆದುಕೊಡುವ ಪತ್ರ ಅದು. ಟೆಕ್ಸಾಸ್‌ನಲ್ಲಿ ಶಿಕ್ಷೆ ಆದ ದಿನದಿಂದ ಎರಡು ವರ್ಷ ಇಟ್ಟುಕೊಳ್ಳಬೇಕು. ಅಲ್ಲಿ ಪ್ರೀಮಿಯಂ ಓಡಿಸುವವನ ರೆಕಾರ್ಡ್ ನೋಡಿ ಹಾಕುತ್ತಾರೆ, ಅದಕ್ಕೇ ಏರುತ್ತದೆ. ಅಲ್ಲಿ ಮಿತಿ 80, ನಮ್ಮಲ್ಲಿ 30. ಆ ವೀಡಿಯೊ ನೋಡಿ ನಮ್ಮ ಹುಬ್ಬಳ್ಳಿ ಕಾರಿನ ಲೆಕ್ಕ ಹಾಕಬೇಡಿ.

ಮೆಣಸಿನಕಾಯಿಹೊಲ_ಬ್ಯಾಡಗಿ:

ಪ್ರೀಮಿಯಂ ಬಗ್ಗೆ ಸರ್ ಹೇಳಿದ್ದು ಸರಿ ಇರಬಹುದು. ಆದರೆ ಅದನ್ನು ಓದಿ ನೀವು ನಿರಾಳ ಆಗಬಾರದು ಅಂತ ಬರೆಯುತ್ತಿದ್ದೇನೆ ಅಣ್ಣ.

2023ರ ಫೆಬ್ರುವರಿ. ನಮ್ಮ ದೊಡ್ಡಣ್ಣ ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಕೊಟ್ಟು ಬಂದ ದಿನ. ಆ ವರ್ಷ ರೇಟ್ ಚೆನ್ನಾಗಿ ಸಿಕ್ಕಿತ್ತು. ಗೆಳೆಯರ ಜೊತೆ ಕುಡಿದು ಮೋಟೆಬೆನ್ನೂರು ಕಡೆಯಿಂದ ಬರುವಾಗ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬರಿಗೆ ಗುದ್ದಿದ. ಅವರ ಬಲಗಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಅಣ್ಣನ ರಕ್ತ ತೆಗೆದಿದ್ದರು. ಆ ರಿಪೋರ್ಟ್ ಎಲ್ಲ ಕಡೆ ಬಂತು.

ಫುಲ್ ಇನ್ಶೂರೆನ್ಸ್ ಇತ್ತು. ಕಾರಿನ ರಿಪೇರಿ 1,80,000 ಆಗಿತ್ತು. ಕಂಪನಿಯಿಂದ ಒಂದೇ ಹಾಳೆಯ ಪತ್ರ ಬಂತು, ಕುಡಿದು ಓಡಿಸಿದ್ದರಿಂದ ಕ್ಲೇಮ್ ಕೊಡಲು ಬರುವುದಿಲ್ಲ ಎಂದು. ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ, ನಾವು ಓದಿರಲಿಲ್ಲ. ಗಾಯಾಳುವಿಗೆ ಕೋರ್ಟು 5,60,000 ಮತ್ತು ಬಡ್ಡಿ ಎಂದಿತು. ಮೊದಲು ಕಂಪನಿ ಕಟ್ಟಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶ ಆಯಿತು. ಅವರಿಗೆ ದುಡ್ಡು ಸಿಕ್ಕಿತು, ಅದು ಒಳ್ಳೆಯದೇ ಆಯಿತು. ವಸೂಲಿ ನೋಟಿಸ್ ನಮ್ಮ ಮನೆಗೆ ಬಂತು. ಎರಡು ಎಕರೆಯಲ್ಲಿ ಒಂದು ಎಕರೆ ಮಾರಿದೆವು. ಬಾವಿ ಇದ್ದ ಕಡೆಯ ಎಕರೆಗೇ ಗಿರಾಕಿ ಬಂದರು.

ಒಂದು ಸಲ ಅವ್ವನ ಜೊತೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟರು. ಒಂದು ಮಾತೂ ಆಡಲಿಲ್ಲ. ಸೈಕಲ್ ಇನ್ನೂ ಗೋಡೆಗೆ ಒರಗಿಸಿಯೇ ಇತ್ತು.

ನಿಮ್ಮನ್ನು ಬ್ಯಾರಿಕೇಡ್ ಹತ್ತಿರ ಹಿಡಿದರು. ನಮ್ಮ ಅಣ್ಣನನ್ನು ಆ ದಿನ ಯಾರಾದರೂ ಹಿಡಿದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಎರಡನೇ ಸಲ ಸಿಕ್ಕರೆ ದಂಡ 15,000 ಆಗುತ್ತದೆ, ಎರಡು ವರ್ಷದವರೆಗೆ ಜೈಲು ಕೂಡ ಇದೆ. ನಾನು ಹೇಳುತ್ತಿರುವುದು ಆ ದಂಡದ ಮಾತಲ್ಲ.

ಧಾರವಾಡ_ನಿವೃತ್ತ:

ಈ ತಂಗಿ ಬರೆದದ್ದು ಅಕ್ಷರಶಃ ಸರಿ. ಇಂಥ ಫೈಲುಗಳು ನನ್ನ ಮೇಜಿನ ಮೇಲೂ ಬಂದಿವೆ. ಲೈಸೆನ್ಸ್ ಅಮಾನತಿನಲ್ಲಿ ಇರುವಾಗ ಓಡಿಸಿದರೂ ಇದೇ ಗತಿ, ಕುಡಿದಿರಲಿ ಬಿಡಲಿ. ಅಂಗಡಿಯಿಂದ ಮನೆಗೆ ಎರಡೇ ಕಿಲೋಮೀಟರ್ ಅಂತ ಕೀ ತೆಗೆದುಕೊಳ್ಳಬೇಡ.

ಬೇರಿಂಗ್‌ಅಂಗಡಿ_ಗೋಕುಲರೋಡ್:

ಆರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹಳೇ ಪಾಲಿಸಿ ತೆಗೆದೆ, ಸರ್ ಹೇಳಿದ ಹಾಗೆ 35 ಅಂತಲೇ ಇತ್ತು. ಅದನ್ನು ಹಿಡಿದುಕೊಂಡು ಕಂಪನಿಯ ಆಫೀಸಿಗೇ ಹೋದೆ. ಕೌಂಟರ್‌ನಲ್ಲಿದ್ದ ಮೇಡಂಗೆ ಕೇಸ್ ಆದದ್ದನ್ನು ನಾನೇ ಹೇಳಿದೆ. ಫಾರ್ಮ್‌ನಲ್ಲೂ ಬರೆದೆ. ಕೈ ಸ್ವಲ್ಪ ನಡುಗಿತು, ಆದರೂ ಬರೆದೆ. ಅವರು ಓದಿದರು, ಪ್ರೀಮಿಯಂ ಏನೂ ಬದಲಾಗಲಿಲ್ಲ.

ಓನ್ ಡ್ಯಾಮೇಜ್ 45 ಕಳೆದು 3,300. ರೋಡ್‌ಸೈಡ್ 300 ಇಟ್ಟುಕೊಂಡೆ. ಥರ್ಡ್ ಪಾರ್ಟಿ 3,416, ಪಿಎ 400, ಜಿಎಸ್‌ಟಿ ಸೇರಿ 8,751. ಐಡಿವಿ ಇಳಿಸಿಲ್ಲ, ಎರಡು ಸಲ ಕೇಳಿದೆ. ಸರ್, ನಿಮ್ಮ ಉಪಕಾರ ಮರೆಯುವುದಿಲ್ಲ.

ಅಕ್ಕಾ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಸೈಕಲ್ ವಿಷಯ ಬಂದಾಗ ಮುಂದೆ ಓದಲು ಆಗಲಿಲ್ಲ, ಆಮೇಲೆ ಅವಳೇ ಓದಿದಳು. ಕಾರಿನ ಎರಡೂ ಕೀ ಈಗ ಅವಳ ಟ್ರೆಜರಿಯಲ್ಲಿವೆ. ಗೃಹಪ್ರವೇಶದ ದಿನ ಜೊತೆಗಿದ್ದ ನಾಲ್ಕು ಜನಕ್ಕೂ ನಿಮ್ಮ ಮಾತು ಕಳಿಸಿದ್ದೇನೆ.

ನಾಳೆ ಹಾವೇರಿಗೆ ವಸೂಲಿಗೆ ಹೋಗಬೇಕು, ತಮ್ಮ ಓಡಿಸುತ್ತಾನೆ. ಅವನ ಲೈಸೆನ್ಸ್ ತೆಗೆಸಿ ತಾರೀಖು ನೋಡಿದೆ. 2031ರವರೆಗೆ ಇದೆ.